ಕಪಾಟಿನೊಳಗಿನ ಚೆಂಡು

ಐವತ್ತು ದಾಟಿದ ಹೆಂಗಸು, ಅದರಲ್ಲೂ ರಾತ್ರಿ ಮಲಗುವಾಗ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಕನ್ನಡ ಶಾಲೆಯ ಶಿಕ್ಷಕಿ, ಸಂಜೆಯ ಹೊತ್ತು ಕೊರಳಿಗೆ ಸೀಟಿ ಹಾಕಿಕೊಂಡು ಊರ ಹೊರಗಿನ ಬಯಲಿಗೆ ಹೊರಟರೆ ಇಂಗಳೇಶ್ವರದಂಥ ಊರಿನಲ್ಲಿ ಏನಾಗಬೇಕೋ ಅದೇ ಆಯಿತು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ತಂಬಾಕು ತಿಕ್ಕುವುದನ್ನು ನಿಲ್ಲಿಸಿ, “ಏನ್ರಿ ಅಕ್ಕೋರ, ಪೊಲೀಸ ನೌಕರಿಗೆ ಸೇರಿದ್ರೇನು?” ಎಂದು ಕೇಳಿದರು.

“ಇಲ್ಲರೀ ಅಜ್ಜಾರ, ಹುಡುಗರಿಗೆ ಫುಟ್‌ಬಾಲ್ ಕಲಸಾಕ ಹೊಂಟೀನಿ.”

ಅವರು ಒಂದು ಗಳಿಗೆ ಸುಮ್ಮನಿದ್ದು, “ನಿಮಗ ಬರತೈತೇನ್ರಿ ಅದು?” ಎಂದರು.

ಪ್ರಶ್ನೆ ನ್ಯಾಯವಾದದ್ದೇ. ನನಗೆ ಬರುವುದಿಲ್ಲ. ಬಿ.ಎ., ಬಿ.ಇಡಿ. ಮಾಡಿ ಮೂವತ್ತು ವರ್ಷ ಇತಿಹಾಸ, ಭೂಗೋಳ ಕಲಿಸಿದವಳಿಗೆ ಅಶೋಕನ ಶಾಸನಗಳು ಗೊತ್ತು, ಆಫ್‌ಸೈಡ್ ಎಂದರೇನೆಂಬುದು ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಹಾಗಿದ್ದೂ ಊರ ಮಕ್ಕಳಿಗೆ ಕೂಲಿಯಿಲ್ಲದೆ ಕಲಿಸುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ತಯಾರಿ ಮಾಡಲೇಬೇಕಲ್ಲ? ಪಾಠ ಟಿಪ್ಪಣಿ ಬರೆಯದೆ ತರಗತಿಗೆ ಹೋದವಳಲ್ಲ ನಾನು. ಆ ತಯಾರಿಯ ನಡುವೆ ನನಗೆ ಸಿಕ್ಕಿದ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಒಪ್ಪಿಕೊಂಡದ್ದು ಏಕೆಂಬುದನ್ನು ಮೊದಲು ಹೇಳದಿದ್ದರೆ ಮುಂದಿನದೆಲ್ಲ ಬರೀ ಪಾಂಡಿತ್ಯವಾದೀತು.

ಅದು 1998. ಫ್ರಾನ್ಸಿನಲ್ಲಿ ವಿಶ್ವಕಪ್ ನಡೆದ ವರ್ಷ. ಆಗ ನಾನು ಬೇರೊಂದು ಹಳ್ಳಿಯ ಶಾಲೆಯಲ್ಲಿದ್ದೆ. ಮಿಲ್ಟ್ರಿಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಶಾಲೆಗೊಂದು ಚರ್ಮದ ಚೆಂಡು ಕೊಟ್ಟು ಹೋದ. ಹುಡುಗರು ಊಟದ ಬಿಡುವಿನಲ್ಲಿ ಅದನ್ನು ಒದೆಯುತ್ತಿದ್ದರು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಅವರ ನಡುವೆ ನುಗ್ಗಿದಳು. ಲಂಗವನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು ಅವಳು ಓಡುತ್ತಿದ್ದುದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಮೂವರು ಹುಡುಗರನ್ನು ದಾಟಿಸಿ ಅವಳು ಒದ್ದ ಚೆಂಡು ನೇರ ಬಂದು ನಮ್ಮ ಕೋಣೆಯ ಕಿಟಕಿಗೆ ಬಡಿಯಿತು. ಗಾಜು ಒಡೆಯಲಿಲ್ಲ. ಕಿಟಕಿಗೆ ಗಾಜೇ ಇರಲಿಲ್ಲ. ನಾನು ಹೊರಗೆ ಬಂದು ಚೆಂಡು ಎತ್ತಿಕೊಂಡೆ. “ಹೆಣ್ಣಮಕ್ಕಳು ಒದಿಯೂ ಆಟ ಅಲ್ಲ ಇದು, ಹೋಗಿ ಕುಂತು ಓದು” ಎಂದೆ. ಚೆಂಡನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಹುಡುಗರು ನಾಲ್ಕು ದಿನ ಕೇಳಿದರು, ಆಮೇಲೆ ಬಿಟ್ಟರು. ಹಾಜರಿ ಪುಸ್ತಕಗಳ ಹಿಂದೆ ಬಿದ್ದ ಚೆಂಡಿನ ಗಾಳಿ ಇಳಿದು, ಚರ್ಮ ಬಿರುಕು ಬಿಟ್ಟು, ಒಂದು ದಿನ ಕಸದ ಜೊತೆ ಹೋಯಿತು. ಹುಡುಗಿಯೂ ಏಳನೆಯದಕ್ಕೆ ಶಾಲೆ ಬಿಟ್ಟಳು.

ಇದನ್ನು ನಾನು ಮರೆತಿದ್ದೆ. ಕೆಲವು ತಿಂಗಳ ಹಿಂದೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಕಾಲು ಮುಟ್ಟಿ ನಮಸ್ಕರಿಸಿದಳು. ಮುಖದಿಂದ ಗುರುತು ಹತ್ತಲಿಲ್ಲ, ಹೆಸರು ಹೇಳಿದ ಮೇಲೆ ಹತ್ತಿತು. ಮಕ್ಕಳು, ಹೊಲ, ಮಳೆ, ತೊಗರಿಯ ಧಾರಣೆ ಎಲ್ಲ ಮಾತಾಡಿದೆವು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಗುತ್ತ ಕೇಳಿದಳು: “ಅಕ್ಕೋರ, ಆ ಚೆಂಡು ಏನಾತ್ರಿ?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಮ್ಮೂರಲ್ಲಿ ಸಂಜೆಯಾದರೆ ಹುಡುಗರು ಬೆನ್ನ ಮೇಲೆ ಹತ್ತು ನಂಬರ್ ಇರುವ ಅಂಗಿ ತೊಟ್ಟು ಪ್ಲಾಸ್ಟಿಕ್ ಚೆಂಡು ಒದೆಯುತ್ತಾರೆ. ಅದು 2022ರ ಕತಾರ್ ವಿಶ್ವಕಪ್ಪಿನ ನಂತರ ಹತ್ತಿದ ಗಾಳಿ. ಅಲ್ಲಿಯವರೆಗೆ ಇವರಿಗೆ ಕ್ರಿಕೆಟ್ಟೊಂದೇ ಆಟ. ನಮ್ಮ ವಿಜಯಪುರ ಜಿಲ್ಲೆಯ ಹೆಸರು ನಾಡಿನಲ್ಲಿ ಓಡಾಡಿದ್ದು ಸೈಕಲ್ ಸವಾರರಿಂದ. ಹಳ್ಳಿಯ ಆಟ ಎಂದರೆ ಕುಸ್ತಿ, ಕಬಡ್ಡಿ, ಕಲ್ಲು ಎತ್ತುವುದು. ಫುಟ್‌ಬಾಲಿಗೆ ಇಲ್ಲಿ ಪರಂಪರೆಯಿಲ್ಲ, ಕಲಿಸುವವರೂ ಇಲ್ಲ. ಹುಡುಗಿಯರು ಬಯಲಿನ ಅಂಚಿಗೆ ನಿಂತು ನೋಡುತ್ತಾರೆ. ಚೆಂಡು ಹೊರಗೆ ಬಂದಾಗ ಎತ್ತಿ ಒಗೆಯುತ್ತಾರೆ. ಅದನ್ನು ಎತ್ತಿಕೊಟ್ಟ ಹುಡುಗಿಯೊಬ್ಬಳು ಕೈಯಿಂದ ಒಗೆಯುವ ಮುನ್ನ ಒಂದು ಸಲ ಕಾಲಿನತ್ತ ನೋಡಿದಳು. ಅಷ್ಟೇ. ಮರುದಿನ ನಾನು ಹುಡುಗರ ಗುಂಪಿಗೆ ಹೋಗಿ, “ನಾ ಕಲಸ್ತೀನಿ, ಆದ್ರ ಎಲ್ಲಾರಿಗೂ” ಎಂದೆ.

ತಯಾರಿ ಶುರುವಾಯಿತು. ಮೊದಲು ನಿಯಮಗಳು. ಈ ಆಟಕ್ಕೆ ಇರುವುದು ಹದಿನೇಳೇ ನಿಯಮ. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಕೆಲವು ಕ್ಲಬ್ಬುಗಳವರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದಾಗ ಅವು ಹದಿಮೂರಿದ್ದವು. ಅದಕ್ಕೂ ಮೊದಲು ಒಂದೊಂದು ಶಾಲೆಗೆ ಒಂದೊಂದು ರೀತಿ. ಒಬ್ಬರಲ್ಲಿ ಚೆಂಡು ಕೈಯಲ್ಲಿ ಹಿಡಿಯಬಹುದು, ಮತ್ತೊಬ್ಬರಲ್ಲಿ ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದು. ಆಟವನ್ನು ಬೆಳೆಸಿದ್ದೇ ಶಾಲೆಗಳು ಎಂಬುದು ತಿಳಿದಾಗ ನನಗೆ ತುಸು ಧೈರ್ಯ ಬಂತು. ಆಫ್‌ಸೈಡ್ ನಿಯಮ ಮಾತ್ರ ಎರಡು ದಿನ ಕಾಡಿತು. ಕೊನೆಗೆ ಊಟದ ತಾಟಿನಲ್ಲಿ ಶೇಂಗಾ ಬೀಜಗಳನ್ನು ಒಂದು ತಂಡ, ಕಡಲೆಕಾಳುಗಳನ್ನು ಇನ್ನೊಂದು ತಂಡ ಮಾಡಿ ಹರಡಿದೆ. ನಮ್ಮವನಿಗೆ ಚೆಂಡು ಒದ್ದು ಕಳಿಸುವ ಗಳಿಗೆಯಲ್ಲಿ ಅವನು ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತಲೂ, ಹಿಂದಿನಿಂದ ಎಣಿಸಿದ ಎರಡನೆಯ ಎದುರಾಳಿಗಿಂತಲೂ ಮುಂದೆ ನಿಂತಿರಬಾರದು. 1925ರ ತನಕ ಆ ಲೆಕ್ಕ ಮೂರನೆಯ ಎದುರಾಳಿಯದಾಗಿತ್ತು. ಒಂದು ಕಾಳಿನ ವ್ಯತ್ಯಾಸದಿಂದ ಗೋಲುಗಳ ಸಂಖ್ಯೆ ಏರಿತಂತೆ. ನಾನು ಕಾಳು ಸರಿಸುತ್ತಿದ್ದುದನ್ನು ನೋಡಿದ ಮನೆಯವರು, “ಊಟಾ ಮಾಡ್ತಿಯೋ ಭವಿಷ್ಯ ಹೇಳ್ತಿಯೋ?” ಎಂದರು.

ಆಮೇಲೆ ಚೆಂಡು. ಅದರಲ್ಲಿ ಅಳತೆಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ದೊಡ್ಡವರು ಆಡುವುದು ಐದನೆಯ ನಂಬರಿನದು, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡು ವರ್ಷದವರಿಗೆ ನಾಲ್ಕನೆಯ ನಂಬರು, ಅದಕ್ಕೂ ಚಿಕ್ಕವರಿಗೆ ಮೂರನೆಯದು. ದೊಡ್ಡವರ ಚೆಂಡನ್ನು ಎಳೆಯ ಕಾಲಿಗೆ ಕೊಡುವುದೂ ಒಂದನೆಯ ಇಯತ್ತೆಯವರಿಗೆ ಹತ್ತನೆಯದರ ಪುಸ್ತಕ ಕೊಡುವುದೂ ಒಂದೇ. ವಿಜಯಪುರಕ್ಕೆ ಹೋಗಿ ನಾಲ್ಕನೆಯ ನಂಬರಿನ ಎರಡು ಚೆಂಡು ಕೊಂಡು ತಂದೆ. ಗಾಳಿ ತುಂಬುವ ಪಿನ್ನನ್ನು ಎಣ್ಣೆ ಸವರದೆ ಚುಚ್ಚಬಾರದೆಂದು ಹೇಳಿಕೊಟ್ಟವನು ಸೈಕಲ್ ಅಂಗಡಿಯ ಹುಡುಗ.

ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಇತಿಹಾಸದ ಚಾಳಿ ಎದ್ದಿತು. ಈ ವಸ್ತು ನಮ್ಮ ದೇಶದ ಮಕ್ಕಳ ಕಾಲಿಗೆ ಬಂದದ್ದು ಹೇಗೆ?

ಕಲಕತ್ತೆಯಲ್ಲಿ ಒಂದು ಕಥೆ ಹೇಳುತ್ತಾರೆ. 1877ರ ಸುಮಾರಿಗೆ ನಗೇಂದ್ರಪ್ರಸಾದ ಸರ್ವಾಧಿಕಾರಿ ಎಂಬ ಪುಟ್ಟ ಹುಡುಗ ತಾಯಿಯೊಂದಿಗೆ ಗಂಗಾಸ್ನಾನಕ್ಕೆ ಹೋಗುವಾಗ ದಾರಿಯಲ್ಲಿ ಬಿಳಿಯ ಸೈನಿಕರು ಚೆಂಡಾಡುವುದನ್ನು ಕಂಡ. ಚೆಂಡು ಅವನತ್ತ ಉರುಳಿ ಬಂತು. ಸೈನಿಕನೊಬ್ಬ ಒದೆಯಲು ಹೇಳಿದ, ಹುಡುಗ ಒದ್ದ. ಆಮೇಲೆ ಅವನು ಹೇರ್ ಶಾಲೆಯ ಗೆಳೆಯರನ್ನು ಸೇರಿಸಿ, ದುಡ್ಡು ಕೂಡಿಸಿ ಅಂಗಡಿಯಿಂದ ಚೆಂಡು ತಂದ. ಅದು ಬೇರೆ ಆಟದ, ಉದ್ದುದ್ದನೆಯ ರಗ್ಬಿ ಚೆಂಡು! ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಪ್ರೆಸಿಡೆನ್ಸಿ ಕಾಲೇಜಿನ ಸ್ಟ್ಯಾಕ್ ಎಂಬ ಪ್ರಾಧ್ಯಾಪಕರು ನೋಡಿ ನಕ್ಕು, ಸರಿಯಾದ ಚೆಂಡು ಕೊಡಿಸಿ, ಆಟ ಹೇಳಿಕೊಟ್ಟರಂತೆ. ಕಥೆಯಲ್ಲಿ ಉಪ್ಪುಖಾರ ಸೇರಿರಬಹುದು. ಆದರೆ ಅದರಲ್ಲಿ ನನ್ನ ಕಣ್ಣಿಗೆ ಬಿದ್ದವರು ಆ ಮೇಷ್ಟ್ರು. ಅವರು ಚೆಂಡನ್ನು ಕಸಿದುಕೊಂಡು ಕಪಾಟಿನಲ್ಲಿಡಲಿಲ್ಲ.

ಇನ್ನೊಬ್ಬ ಮೇಷ್ಟ್ರ ಕಥೆ ಕಾಶ್ಮೀರದ್ದು, ಇದನ್ನು ಅವರೇ ಬರೆದಿಟ್ಟಿದ್ದಾರೆ. ಟಿಂಡೇಲ್ ಬಿಸ್ಕೋ ಎಂಬ ಪಾದ್ರಿ ಶ್ರೀನಗರದ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರು. 1891ರಲ್ಲಿ ಶಾಲೆಗೆ ಫುಟ್‌ಬಾಲ್ ತಂದು ಮೇಲ್ಜಾತಿಯ ಹುಡುಗರಿಗೆ ತೋರಿಸಿದರು. ಇದು ಯಾತರದು ಎಂದು ಹುಡುಗರು ಕೇಳಿದರು. ಚರ್ಮದ್ದು ಎಂದರು. ಮುಟ್ಟುವುದಿಲ್ಲ, ಮೈಲಿಗೆ ಎಂದರು ಹುಡುಗರು. ಬಿಸ್ಕೋ ಸುಮ್ಮನಾಗಲಿಲ್ಲ. ಮೈದಾನಕ್ಕೆ ಕರೆದೊಯ್ದು, ಸುತ್ತ ಶಿಕ್ಷಕರನ್ನು ಬಡಿಗೆ ಕೊಟ್ಟು ನಿಲ್ಲಿಸಿ, ಆಡಿರೆಂದರು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಚೆಂಡು ಒಬ್ಬನ ಮುಖಕ್ಕೇ ಬಡಿಯಿತು. ಹುಡುಗ ಅಳತೊಡಗಿದ. ಅವನಿಗೆ ಮೈಲಿಗೆಯಾಯಿತು, ಏನು ಮಾಡಬೇಕೆಂದು ಉಳಿದವರು ಗಾಬರಿಯಾದರು. ಕಾಲುವೆಗೆ ಕರೆದುಕೊಂಡು ಹೋಗಿ ತೊಳೆಸಿ, ಮತ್ತೆ ಬಂದು ಆಡಿ ಎಂದರಂತೆ ಬಿಸ್ಕೋ. ಹುಡುಗರು ಬಂದರು. ಆಡಿದರು.

ಬಡಿಗೆಯ ಪಾಠ ನನಗೆ ಒಪ್ಪಿಗೆಯಲ್ಲ. ಮೂವತ್ತು ವರ್ಷದಲ್ಲಿ ಬಡಿಗೆಯಿಂದ ಕಲಿತವರನ್ನು ನಾನು ಕಾಣೆ. ಆದರೆ ಚರ್ಮ ಮುಟ್ಟಲಾರೆವೆಂದ ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ನಾನಿರುವುದು ಇಂಗಳೇಶ್ವರದಲ್ಲಿ. ಇದು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದೂ ಬಸವಣ್ಣ ಹುಟ್ಟಿದ್ದು ಇಲ್ಲಿಯೇ ಎಂದೂ ಹೇಳುವ ಊರು. ಬಾಗೇವಾಡಿಯವರಿಗೂ ನಮಗೂ ಈ ವಿಷಯದಲ್ಲಿ ಸಣ್ಣ ಪ್ರೀತಿಯ ಜಗಳ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಶಿಲಾಮಂಟಪ ನಮ್ಮೂರಲ್ಲಿದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಚಮ್ಮಾರ ಹರಳಯ್ಯನವರ ಕಥೆ ಹೇಳುವುದು ನನ್ನ ವಾಡಿಕೆ. ಬಸವಣ್ಣ ತನಗಿಂತ ಒಂದು ಶರಣು ಹೆಚ್ಚು ಹೇಳಿದನೆಂದು, ಆ ಋಣ ತೀರಿಸಲು ತನ್ನ, ತನ್ನ ಹೆಂಡತಿಯ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿಕೊಟ್ಟವನ ಕಥೆ ಅದು. ಹನ್ನೆರಡನೆಯ ಶತಮಾನದಲ್ಲಿ ಚರ್ಮದ ಕೆಲಸದವನನ್ನು ಅಪ್ಪ ಅಣ್ಣ ಎಂದು ಅಪ್ಪಿಕೊಂಡ ನಾಡಿನಲ್ಲಿ ಏಳುನೂರು ವರ್ಷದ ಮೇಲೂ ಚರ್ಮದ ಚೆಂಡಿಗೆ ಮಕ್ಕಳು ಹೆದರುತ್ತಿದ್ದರು ಎಂದರೆ, ಕಲ್ಲಿನಲ್ಲಿ ಕೆತ್ತಿದ್ದು ಕಾಲಿಗೆ ಇಳಿಯಲು ಎಷ್ಟು ಕಾಲ ಬೇಕು!

ಅದೇ ಮಂಟಪದಲ್ಲಿ ಹೇಳುವ ಇನ್ನೊಂದು ಕಥೆಯೂ ಇದೆ. ಎಂಟು ವರ್ಷದ ಬಸವನಿಗೆ ಜನಿವಾರ ಹಾಕಲು ಸಿದ್ಧತೆ ಮಾಡಿದಾಗ ಅವನು, ಅಕ್ಕ ನಾಗಮ್ಮನಿಗೆ ಏಕೆ ಹಾಕುವುದಿಲ್ಲ ಎಂದು ಕೇಳಿದನಂತೆ. ಹೆಣ್ಣಿಗೆ ಇಲ್ಲವೆಂದರು. ಹಾಗಾದರೆ ನನಗೂ ಬೇಡವೆಂದು ಮನೆ ಬಿಟ್ಟನಂತೆ. ಈ ಕಥೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 1998ರಲ್ಲೂ ಬಸವ ಜಯಂತಿಯ ದಿನ ಹೇಳಿದ್ದೆ. ಅದಾದ ಕೆಲವೇ ತಿಂಗಳಲ್ಲಿ ಕಪಾಟಿಗೆ ಕೀಲಿ ಹಾಕಿದೆ. ಕಥೆ ಹೇಳಿದ ಬಾಯಿ ನನ್ನದೇ, ಕೀಲಿ ತಿರುವಿದ ಕೈಯೂ ನನ್ನದೇ. ಎರಡಕ್ಕೂ ನಂಟಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಇರಲಿ, ಚೆಂಡಿನ ಹಾದಿಗೆ ಮರಳೋಣ. ಮುಟ್ಟಲಾರೆವೆಂದವರ ದೇಶ ಇಪ್ಪತ್ತೇ ವರ್ಷಗಳಲ್ಲಿ ಬರಿಗಾಲಿನಿಂದ ಸಾಹೇಬರನ್ನು ಸೋಲಿಸಿತು. 1911ರ ಜುಲೈ 29ರಂದು ಕಲಕತ್ತೆಯ ಮೋಹನ್ ಬಾಗಾನ್ ತಂಡ ಐಎಫ್‌ಎ ಶೀಲ್ಡ್ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಗೆದ್ದಾಗ ಹನ್ನೊಂದರಲ್ಲಿ ಹತ್ತು ಜನರ ಕಾಲಲ್ಲಿ ಬೂಟಿರಲಿಲ್ಲ. ಬೂಟು ತೊಟ್ಟಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದಾಗಲೂ ನಮ್ಮ ಹೆಚ್ಚಿನವರು ಬರಿಗಾಲಿನವರೇ. ಎರಡು ಪೆನಾಲ್ಟಿ ಕೈತಪ್ಪಿ 1–2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಬಾರಿಸಿತು. ನಮ್ಮ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಆ ಸೋಲಿನ ನಂತರವೇ ಬೂಟು ಕಡ್ಡಾಯವಾಯಿತು.

ಬೆಂಗಳೂರಿನ ಮಾತು ಬಂತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47ರಲ್ಲಿ, ಮತ್ತೆ 1952–53ರಲ್ಲಿ ಗೆದ್ದಿತು. ಆಗ ನಮ್ಮ ವಿಜಯಪುರ ಮುಂಬಯಿಯ ಆಡಳಿತದಲ್ಲಿತ್ತು; ಆ ಗೆಲುವಿಗೆ ನಮ್ಮ ಅಜ್ಜಂದಿರು ಹಿಗ್ಗಿರಲಿಕ್ಕಿಲ್ಲ. 1956ರ ನವೆಂಬರ್ 1ರಂದು ಏಕೀಕರಣವಾಯಿತು. 1967–68 ಮತ್ತು 1968–69ರಲ್ಲಿ ಮತ್ತೆ ಗೆದ್ದಾಗ ಅದು ನಮ್ಮ ಗೆಲುವೂ ಆಗಿತ್ತು. ಮುಂದಿನ ಟ್ರೋಫಿಗೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ಕಪ್ಪಿನ ಮೇಲೆ ಮೊದಲ ಬಾರಿಗೆ ಕರ್ನಾಟಕ ಎಂಬ ಹೆಸರು ಬಂತು. ಆದರೆ ಆಟ ಮಾತ್ರ ಬೆಂಗಳೂರು, ಬೆಳಗಾವಿಯಂಥ ಊರುಗಳ ಗುಡ್ಡ ದಾಟಿ ನಮ್ಮ ಎರೆ ಹೊಲಗಳಿಗೆ ಬರಲಿಲ್ಲ.

ಇಷ್ಟು ಓದಿದ ಮೇಲೂ ಕಟ್ಟೆಯ ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ಸಿಕ್ಕಿದ್ದು ಹೈದರಾಬಾದಿನಲ್ಲಿ. ನಮ್ಮ ಜಿಲ್ಲೆಯ ಗಡಿ ದಾಟಿದರೆ 1948ರವರೆಗೆ ನಿಜಾಮರ ಸೀಮೆ. ಕಲಬುರಗಿ, ರಾಯಚೂರು, ಬೀದರ ಎಲ್ಲ ಆ ಸಂಸ್ಥಾನದವು. ಆ ಸಂಸ್ಥಾನದ ರಾಜಧಾನಿಯಲ್ಲಿ 1909ರಲ್ಲಿ ಹುಟ್ಟಿದ ಸೈಯದ್ ಅಬ್ದುಲ್ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡಿ, ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದವರು. ಮುಂದೆ ಇನ್ನೆರಡು ಮೂರು ಶಾಲೆಗಳಲ್ಲಿ ಕಲಿಸಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದರು. ಅಂದರೆ ನಮ್ಮಂಥದೇ ಶಾಲಾ ಮಾಸ್ತರರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಕಲಿಸಿದರು. ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು. ಭಾರತ ತಂಡದ ತರಬೇತುದಾರರಾಗಿ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು.

ಕೊನೆಯದು 1962ರ ಜಕಾರ್ತ. ಅಷ್ಟು ಹೊತ್ತಿಗೆ ರಹೀಮ್ ಸಾಹೇಬರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಿತ್ತು. ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯದ ಎದುರು ಅಂತಿಮ ಪಂದ್ಯ. ತುಂಬಿದ ಕ್ರೀಡಾಂಗಣ ಭಾರತೀಯರನ್ನು ಗೇಲಿ ಮಾಡಿ ಕೂಗುತ್ತಿತ್ತು. ಹಿಂದಿನ ರಾತ್ರಿ ಮೇಷ್ಟ್ರು ಆಟಗಾರರನ್ನು ಕೂರಿಸಿಕೊಂಡು, ನಿಮ್ಮಿಂದ ನನಗೊಂದು ಉಡುಗೊರೆ ಬೇಕು, ನಾಳೆಯ ಚಿನ್ನ ಎಂದಷ್ಟೇ ಕೇಳಿದರೆಂದು ಹೇಳುತ್ತಾರೆ. ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್ ಒಂದೊಂದು ಗೋಲು ಹೊಡೆದರು. ಭಾರತ 2–1. ಜರ್ನೈಲ್ ಸಿಂಗ್ ರಕ್ಷಣೆಯ ಆಟಗಾರ; ತಲೆಗೆ ಹೊಲಿಗೆ ಬಿದ್ದಿದ್ದ ಅವರನ್ನು ಮುಂದಕ್ಕೆ ನಿಲ್ಲಿಸಿದವರು ರಹೀಮರೇ. 1963ರ ಜೂನ್ 11ರಂದು ಅವರು ತೀರಿಕೊಂಡರು. ಏಷ್ಯನ್ ಕ್ರೀಡೆಯ ಫುಟ್‌ಬಾಲ್ ಚಿನ್ನ ಭಾರತಕ್ಕೆ ಅದರ ಮೇಲೆ ಸಿಕ್ಕಿಲ್ಲ. 2024ರಲ್ಲಿ ಅವರ ಬಗ್ಗೆ ಹಿಂದಿ ಸಿನಿಮಾ ಬಂದ ಮೇಲೆ ಹೊಸ ಪೀಳಿಗೆ ಅವರ ಹೆಸರು ಕೇಳಿತು.

ನನಗೆ ಪದಕಗಳಿಗಿಂತ ಅವರು ಕಲಿಸಿದ ರೀತಿ ಮುಖ್ಯವಾಗಿ ಕಂಡಿತು. ಆಟಗಾರರು ಚೆಂಡನ್ನು ಒಬ್ಬರೇ ಇಟ್ಟುಕೊಂಡು ಓಡುವ ಚಟ ಬಿಡಲೆಂದು, ಹಾಗೆ ಓಡುವುದನ್ನೇ ನಿಷೇಧಿಸಿ ಪಂದ್ಯಾವಳಿ ನಡೆಸಿದರು. ಚೆಂಡು ಬಂದೊಡನೆ ಮತ್ತೊಬ್ಬರಿಗೆ ಕೊಡಲೇಬೇಕು. ದುರ್ಬಲ ಕಾಲು ಬಲಗೊಳ್ಳಲೆಂದು, ಅಭ್ಯಾಸವಿಲ್ಲದ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ಇಟ್ಟರು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ಶಾಲೆಯ ಉಪಾಯ! ಜಾಣ ಹುಡುಗನೇ ದಿನಾ ಕೈಯೆತ್ತಿ ಉತ್ತರ ಹೇಳುತ್ತಿದ್ದರೆ, ಇವತ್ತು ಹಿಂದಿನ ಬೆಂಚಿನವರೇ ಹೇಳಬೇಕು ಎನ್ನುತ್ತೇವಲ್ಲ, ಅದೇ. ಕಲಿಸುವವಳು ಚೆನ್ನಾಗಿ ಒದೆಯಬೇಕಾಗಿಲ್ಲ. ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ನೋಡುವ ಕಣ್ಣಿರಬೇಕು, ಅದನ್ನು ದಾಟಿಸುವ ಒಂದು ಆಟ ಕಟ್ಟಲು ಬರಬೇಕು. ಅದಿಷ್ಟು ನನಗೆ ಬರುತ್ತದೆ ಅಜ್ಜಾರೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಉಳಿದದ್ದು ಹುಡುಗಿಯರ ಮಾತು. ಅದೊಂದನ್ನು ಓದಲು ನನಗೆ ಸ್ವಲ್ಪ ಅಂಜಿಕೆಯಿತ್ತು, ಏಕೆಂದರೆ ನನ್ನನ್ನೇ ಅಲ್ಲಿ ಕಾಣುತ್ತೇನೆಂದು ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಗಂಡಸರು ರಣರಂಗಕ್ಕೆ ಹೋದಾಗ ಕಾರ್ಖಾನೆಗೆ ಬಂದ ಹೆಂಗಸರು ಬಿಡುವಿನಲ್ಲಿ ಫುಟ್‌ಬಾಲ್ ಆಡತೊಡಗಿದರು. ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಆಟ ನೋಡಲು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ 53,000 ಜನ ಸೇರಿದರು. ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, 1863ರಲ್ಲಿ ಹುಟ್ಟಿದ ಅದೇ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ಸರಿಹೊಂದುವುದಿಲ್ಲವೆಂದು ಠರಾವು ಮಾಡಿ, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು ಅರ್ಧ ಶತಮಾನ ಬೇಕಾಯಿತು. ಠರಾವಿನ ಮಾತನ್ನು ಕನ್ನಡಕ್ಕೆ ತಂದರೆ ಹೆಚ್ಚು ಕಡಿಮೆ ನಾನು ಆ ಹುಡುಗಿಗೆ ಹೇಳಿದ ಮಾತೇ ಆಗುತ್ತದೆ. ಲಂಡನ್ನಿನ ಸಾಹೇಬರಿಗೂ ನಮ್ಮ ಹಳ್ಳಿ ಶಾಲೆಯ ಅಕ್ಕೋರಿಗೂ ಒಂದೇ ಕಪಾಟು, ಒಂದೇ ಕೀಲಿ.

ನಮ್ಮ ದೇಶದ ಹೆಣ್ಣುಮಕ್ಕಳು ಕಾಯುತ್ತ ಕುಳಿತಿರಲಿಲ್ಲ. ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ 1975ರಲ್ಲಿ ಹುಟ್ಟಿತು. 1980ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಎರಡನೆಯ ಸ್ಥಾನ ಪಡೆದರು, 1983ರಲ್ಲಿ ಮತ್ತೆ ಪಡೆದರು. ಅದೇ 1983ರಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಅಂದರೆ ನಾನು ಚೆಂಡಿಗೆ ಕೀಲಿ ಹಾಕುವ ಹದಿನೈದು ವರ್ಷ ಮೊದಲೇ! ನನ್ನ ಬಿ.ಇಡಿ.ಯಲ್ಲಿ ಯಾರೂ ಇದನ್ನು ಹೇಳಲಿಲ್ಲ, ನಾನೂ ಹುಡುಕಲಿಲ್ಲ. 2025ರ ಜುಲೈ 5ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡಿನ ನೆಲದಲ್ಲೇ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯನ್ ಕಪ್ಪಿಗೆ ಅರ್ಹರಾದ ಸುದ್ದಿಯನ್ನು ನಾನು ಕತ್ತರಿಸಿ ಪಾಠ ಟಿಪ್ಪಣಿಯ ಪುಸ್ತಕಕ್ಕೆ ಅಂಟಿಸಿದ್ದೇನೆ.

ಇನ್ನು ಮಕ್ಕಳ ಮೈಯ ಕಾಳಜಿ. ಚೆಂಡನ್ನು ತಲೆಯಿಂದ ಹೊಡೆಯುವುದು ಎಳೆಯ ಮಿದುಳಿಗೆ ಒಳ್ಳೆಯದಲ್ಲವೆಂಬ ಆತಂಕದಿಂದ ಅಮೆರಿಕದಲ್ಲಿ 2015ರಲ್ಲಿ ಹತ್ತು ಮತ್ತು ಅದಕ್ಕೂ ಕಡಿಮೆ ವಯಸ್ಸಿನವರಿಗೆ ಅದನ್ನು ನಿಲ್ಲಿಸಿದರು. 2020ರಲ್ಲಿ ಇಂಗ್ಲೆಂಡಿನಲ್ಲೂ ಚಿಕ್ಕ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದರು. ನನ್ನ ಬಯಲಿನಲ್ಲೂ ಇಲ್ಲ ಎಂದು ಬರೆದುಕೊಂಡೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಹಾಗಾಗಿ ಆಟ ಹೊತ್ತು ಇಳಿದ ಮೇಲೆಯೇ, ನಡುನಡುವೆ ನೀರು ಕುಡಿಯಲು ಬಿಡುವು. ಹನ್ನೊಂದು ಹನ್ನೊಂದು ಜನರ ಆಟವೂ ಬೇಡ. ಐದೈದು ಜನರ ಸಣ್ಣ ಆಟವಾದರೆ ಪ್ರತಿ ಮಗುವಿನ ಕಾಲಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ.

ಇಷ್ಟೆಲ್ಲ ಕಾಗದದ ಮೇಲಾಯಿತು. ನಿಜವಾದ ತಯಾರಿ ಮನೆ ಮನೆಗೆ ಹೋಗುವುದಾಗಿತ್ತು. ಹುಡುಗರ ಮನೆಯಲ್ಲಿ ಚಹಾ ಸಿಕ್ಕಿತು, ಹುಡುಗಿಯರ ಮನೆಯಲ್ಲಿ ಚಹಾ ಜೊತೆಗೆ ಪ್ರಶ್ನೆಗಳು. “ಕೈಕಾಲ ಮುರಕೊಂಡ್ರ ನಾಳೆ ಲಗ್ನ ಆಗೂದು ಹ್ಯಾಂಗ್ರಿ?” ಎಂದರು ಒಬ್ಬರು. “ನೀರು ತರೂದು, ರೊಟ್ಟಿ ಬಡಿಯೂದು ಯಾರು ಮಾಡಬೇಕ್ರಿ ಸಂಜೀಕ?” ಎಂದರು ಮತ್ತೊಬ್ಬರು. ಈ ಎರಡನೆಯ ಪ್ರಶ್ನೆ ಸುಳ್ಳಲ್ಲ. ಹುಡುಗನ ಸಂಜೆ ಅವನದು, ಹುಡುಗಿಯ ಸಂಜೆ ಮನೆಯದು. ಅದಕ್ಕೆ ಭಾಷಣದಿಂದ ಉತ್ತರ ಕೊಡಲಾಗುವುದಿಲ್ಲ. ಒಂದು ತಾಸು ಸಾಕು, ದೀಪ ಹಚ್ಚುವ ಮೊದಲು ನಾನೇ ಮನೆಗೆ ತಂದು ಬಿಡುತ್ತೇನೆಂದೆ. ಚೂಡಿದಾರದ ಮೇಲೆ ಓಢಣಿ ಬೇಡ, ಸೊಂಟಕ್ಕೆ ಕಟ್ಟಿಕೊಂಡರಾಯಿತು ಎಂದೆ. ಒಂದು ಮನೆಯಲ್ಲಿ ತಂದೆ ಏನೂ ಹೇಳದೆ ಬೀಡಿ ಸೇದುತ್ತ ಕುಳಿತಿದ್ದರು. ಒಲೆಯ ಮುಂದಿದ್ದ ತಾಯಿ ಮುಖ ತಿರುಗಿಸದೆಯೇ, “ಹೋಗ್ಲಿ ಬಿಡ್ರಿ, ನಾವರ ಎಲ್ಲಿ ಆಡೀವಿ” ಎಂದರು. ಆ ಮನೆಯ ಒಪ್ಪಿಗೆ ಅಷ್ಟೇ. ನನಗೆ ಸಾಕಾಯಿತು.

ಒಟ್ಟು ಇಪ್ಪತ್ತೊಂದು ಮಕ್ಕಳು, ಅವರಲ್ಲಿ ಆರು ಹುಡುಗಿಯರು. ರವಿವಾರ ಎಲ್ಲರೂ ಬಯಲಿಗೆ ಬಂದು ಕಲ್ಲು ಆರಿಸಿದೆವು. ನಮ್ಮ ನೆಲದಲ್ಲಿ ಆರಿಸಿದಷ್ಟೂ ಕಲ್ಲು. ಬುಟ್ಟಿ ಬುಟ್ಟಿ ತುಂಬಿ ಬದುವಿಗೆ ಸುರಿದು, ಆ ಕಲ್ಲುಗಳನ್ನೇ ಪೇರಿಸಿ ಗೋಲಿನ ಕಂಬ ಮಾಡಿದೆವು. ಗೆರೆ ಎಳೆಯಲು ರಂಗೋಲಿ ಪುಡಿ ತಂದದ್ದು ಹುಡುಗಿಯರು. ಗೆರೆ ಮಾತ್ರ ಹುಡುಗರಿಗಿಂತ ನೆಟ್ಟಗೆ ಬಂತು. ಹೆಚ್ಚಿನವರಿಗೆ ಬೂಟಿಲ್ಲ. 1911ರ ಹತ್ತು ಜನರ ಕಥೆ ಹೇಳಿದೆ. “ಹಂಗಾದ್ರ ನಾವೂ ಗೆಲ್ತೀವೇನ್ರಿ?” ಎಂದು ಒಬ್ಬ ಕೇಳಿದ. ಮೊದಲು ಪಾದದ ಒಳಬದಿಯಿಂದ ತಳ್ಳುವುದು ಕಲಿಯೋಣ ಎಂದೆ.

ಮೊದಲ ಸಂಜೆ ನಾಲ್ವರನ್ನು ಸುತ್ತ ನಿಲ್ಲಿಸಿ, ಒಬ್ಬರನ್ನು ನಡುವೆ ಬಿಟ್ಟು, ನಡುವಿನವರಿಗೆ ಸಿಗದಂತೆ ಚೆಂಡು ದಾಟಿಸುವ ಆಟ ಆಡಿಸಿದೆ. ರಹೀಮ್ ಸಾಹೇಬರ ನಿಯಮ ಇಟ್ಟೆ: ಎಡಗಾಲಿನಿಂದ ಮಾತ್ರ. ಜಾಣ ಹುಡುಗರೆಲ್ಲ ಮುಗ್ಗರಿಸಿದರು. ಎಂದೂ ಒದೆಯದ ಹುಡುಗಿಯರಿಗೂ ಅವರಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಎಲ್ಲರೂ ನಕ್ಕರು. ನಡುವೆ ಚೆಂಡು ನನ್ನ ಕಡೆಗೂ ಉರುಳಿ ಬಂತು. ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಹಿಡಿದು ಎಡಗಾಲಿನಿಂದ ತಳ್ಳಿದೆ. ಹೋಗಬೇಕಾದಲ್ಲಿ ಹೋಗಲಿಲ್ಲ, ಆದರೆ ಹೋಯಿತು. ಕಟ್ಟೆ ಬಿಟ್ಟು ಬದುವಿನ ತನಕ ಬಂದಿದ್ದ ಅಜ್ಜ, “ಅಡ್ಡಿಯಿಲ್ಲ ಬಿಡ್ರಿ” ಎಂದರು.

ಹೊತ್ತು ಮುಳುಗಿತು. ಚೆಂಡುಗಳನ್ನು ಚೀಲಕ್ಕೆ ಹಾಕುವಾಗ ಅಭ್ಯಾಸಬಲದಿಂದ ನನ್ನ ಮನಸ್ಸು ಮನೆಯ ಕಪಾಟನ್ನು ನೆನೆಯಿತು. ಸುರಕ್ಷಿತವಾಗಿರುತ್ತದಲ್ಲ ಎನಿಸಿತು. ಆಮೇಲೆ ಆರಂಭದ ದಿನ ಬಯಲಿನ ಅಂಚಿನಲ್ಲಿ ನಿಂತು ತನ್ನ ಕಾಲಿನತ್ತ ನೋಡಿಕೊಂಡ ಆ ಹುಡುಗಿಯನ್ನು ಕರೆದು, “ಇವತ್ತ ಇದು ನಿಮ್ಮ ಮನ್ಯಾಗ ಇರಲಿ, ನಾಳೆ ಮರೀದಂಗ ತಗೊಂಡು ಬಾ” ಎಂದೆ. ಪಾಳಿ ಪ್ರಕಾರ ಒಂದೊಂದು ರಾತ್ರಿ ಒಬ್ಬೊಬ್ಬರ ಮನೆಯಲ್ಲಿ ಚೆಂಡು ಇರಬೇಕೆಂದು ಪಟ್ಟಿ ಬರೆದೆ. ಅವಳು ಚೆಂಡನ್ನು ಬಗಲಿಗೆ ಇಟ್ಟುಕೊಳ್ಳಲಿಲ್ಲ. ಮನೆಯವರೆಗೂ ಒದೆಯುತ್ತಲೇ ಹೋದಳು. ನಾನು ಹಿಂದೆ ನಡೆದು, ಮಾತು ಕೊಟ್ಟಂತೆ, ದೀಪ ಹಚ್ಚುವ ಮೊದಲು ಅವಳನ್ನು ಬಾಗಿಲಿಗೆ ಮುಟ್ಟಿಸಿ ಬಂದೆ.